ಮನೆಯ ವೈ-ಫೈಗೆ ವಿಳಾಸ ಹಂಚುವವರು ಒಬ್ಬರೇ ಇರಲಿ

ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟ್ ಹೋಗಿ ಬರುವುದು ಹೊಸತಲ್ಲ. ಫ್ಯಾನ್ ಮತ್ತೆ ತಿರುಗುತ್ತದೆ, ಕೂಲರ್ ಶುರುವಾಗುತ್ತದೆ, ರೂಟರ್‌ನ ದೀಪಗಳೂ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಆದರೆ ಕೆಲವು ಮನೆಗಳಲ್ಲಿ ಅಷ್ಟಕ್ಕೇ ಎಲ್ಲವೂ ಸರಿಹೋಗುವುದಿಲ್ಲ. ಮಗಳ ಮೊಬೈಲ್‌ಗೆ ಇಂಟರ್ನೆಟ್ ಬರುತ್ತದೆ, ಅಪ್ಪನ ಲ್ಯಾಪ್‌ಟಾಪ್‌ಗೆ ಬರುವುದಿಲ್ಲ. ಕೆಳಗಿನ ಅಂಗಡಿಯ ಪ್ರಿಂಟರ್ ಚಾಲೂ ಇದ್ದರೂ ಕಂಪ್ಯೂಟರ್ ಅದನ್ನು ‘ಆಫ್‌ಲೈನ್’ ಎಂದು ತೋರಿಸುತ್ತದೆ. ಬೆಳಿಗ್ಗೆ ತೆರೆಯುತ್ತಿದ್ದ ಫೋಲ್ಡರ್ ಸಂಜೆಗೆ ಸಿಗುವುದಿಲ್ಲ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ‘ಲೈನ್ ಸರಿ ಇದೆ ಸರ್’ ಎನ್ನುತ್ತಾರೆ. ಬಹಳಷ್ಟು ಸಲ ಅವರ ಮಾತು ನಿಜ. ತೊಂದರೆ ಇರುವುದು ಹೊರಗಿನ ತಂತಿಯಲ್ಲಲ್ಲ, ಮನೆಯೊಳಗೆ ಯಾವ ಸಾಧನಕ್ಕೆ ಯಾವ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಯಾವ ಐಪಿ ಸಂಖ್ಯೆ, ಸಿಕ್ಕಿದೆ ಎನ್ನುವುದರಲ್ಲಿ.

ಇದನ್ನು ಸರಿಪಡಿಸಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ವಿಳಾಸಗಳು ಹೇಗೆ ಹಂಚಿಕೆಯಾಗುತ್ತವೆ ಎಂದು ಒಮ್ಮೆ ತಿಳಿದರೆ, ಪ್ರಿಂಟರ್ ಏಕೆ ಕಾಣೆಯಾಗುತ್ತದೆ, ಫೋಲ್ಡರ್ ಏಕೆ ತೆರೆಯುವುದಿಲ್ಲ ಎಂಬ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಂತೆ. ಇವನ್ನು ಎರಡು ಬೇರೆ ಕಾಯಿಲೆಗಳೆಂದು ನೋಡುವವರೇ ಹೆಚ್ಚು. ನನ್ನ ಪ್ರಕಾರ ಮನೆಯ ಜಾಲದಲ್ಲಿ ಫೈಲ್ ಹಂಚಿಕೆ ಕೆಡುವುದಕ್ಕೆ ಬಹುಪಾಲು ಕಾರಣ ವಿಳಾಸಗಳ ಗೊಂದಲವೇ.

ವಿಳಾಸ ಎಲ್ಲಿಂದ ಬರುತ್ತದೆ

ಇಂಟರ್ನೆಟ್‌ನ ಹಳೆಯ ಹಾಗೂ ಇಂದಿಗೂ ಮನೆಗಳಲ್ಲಿ ಬಳಕೆಯಲ್ಲಿರುವ ವಿಳಾಸ ಪದ್ಧತಿ 32 ಬಿಟ್‌ಗಳದ್ದು. ಅದರಲ್ಲಿ ಸಾಧ್ಯವಿರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಜಗತ್ತಿನ ಪ್ರತಿ ಮೊಬೈಲ್‌ಗೂ ಟಿವಿಗೂ ಒಂದೊಂದು ಕೊಡಲು ಅದು ಸಾಲದು. ಹಾಗಾಗಿ 1996ರಲ್ಲಿ ಕೆಲವು ಸಂಖ್ಯೆಗಳನ್ನು ಖಾಸಗಿ ಬಳಕೆಗೆಂದು ಬಿಟ್ಟುಕೊಟ್ಟರು. 192.168ರಿಂದ ಶುರುವಾಗುವ ವಿಳಾಸಗಳು ಆ ಗುಂಪಿನವು. ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ 192.168.1.5 ಇರಬಹುದು, ಅದರಿಂದ ತೊಂದರೆಯಿಲ್ಲ. ಒಂದೇ ಮನೆಯ ಜಾಲದೊಳಗೆ ಎರಡು ಸಾಧನಗಳಿಗೆ ಅದೇ ವಿಳಾಸ ಬಂದರೆ ಮಾತ್ರ ತೊಂದರೆ.

ಮನೆಯಲ್ಲಿ ವಿಳಾಸ ಹಂಚುವ ಕೆಲಸ ರೂಟರ್‌ನದು. ಮೊಬೈಲ್ ವೈ-ಫೈಗೆ ಸೇರಿದ ತಕ್ಷಣ ‘ನನಗೊಂದು ವಿಳಾಸ ಬೇಕು’ ಎಂದು ಜಾಲಕ್ಕೆಲ್ಲ ಕೇಳಿಸುವಂತೆ ಕೂಗುತ್ತದೆ. ರೂಟರ್ ತನ್ನ ಬಳಿ ಖಾಲಿ ಇರುವ ಸಂಖ್ಯೆಯೊಂದನ್ನು ಇಂತಿಷ್ಟು ಹೊತ್ತು ಎಂಬ ಕರಾರಿನ ಮೇಲೆ ಕೊಡುತ್ತದೆ. ಈ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ಈಗ ನಾವು ಬಳಸುತ್ತಿರುವ ರೂಪದಲ್ಲಿ ಅದು 1997ರಿಂದ ಇದೆ. ಕರಾರಿನ ಅವಧಿ ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಒಂದು ದಿನದವರೆಗೆ ಇರುತ್ತದೆ. ಅರ್ಧ ಅವಧಿ ಕಳೆದಾಗ ಸಾಧನ ತಾನಾಗಿಯೇ ರೂಟರ್ ಅನ್ನು ಕೇಳಿ ಅದನ್ನು ನವೀಕರಿಸಿಕೊಳ್ಳುತ್ತದೆ. ಇದೆಲ್ಲ ನಮಗೆ ಗೊತ್ತೇ ಆಗದಂತೆ ನಡೆಯುತ್ತಿರುತ್ತದೆ.

ವಿಳಾಸ ಘರ್ಷಣೆ ಆದಾಗ ಒಳಗೆ ಏನಾಗುತ್ತದೆ? ಪ್ರತಿ ಸಾಧನಕ್ಕೂ ಐಪಿ ವಿಳಾಸವಲ್ಲದೆ ಮ್ಯಾಕ್ ವಿಳಾಸ ಎಂಬ ಯಂತ್ರಾಂಶದ ಗುರುತು ಇರುತ್ತದೆ, ಆರು ಜೋಡಿ ಅಕ್ಷರ-ಅಂಕಿಗಳದ್ದು. ‘192.168.1.105 ಯಾರು?’ ಎಂದು ಒಂದು ಕಂಪ್ಯೂಟರ್ ಕೇಳಿದರೆ, ಆ ವಿಳಾಸವಿರುವ ಸಾಧನ ‘ನಾನು, ನನ್ನ ಮ್ಯಾಕ್ ಇದು’ ಎಂದು ಉತ್ತರಿಸಬೇಕು. ಎಆರ್‌ಪಿ ಎನ್ನುವ ಈ ಪ್ರಶ್ನೋತ್ತರ 1982ರಿಂದ ನಡೆದುಕೊಂಡು ಬಂದಿದೆ. ಒಂದೇ ವಿಳಾಸ ಇಬ್ಬರಿಗಿದ್ದರೆ ಇಬ್ಬರೂ ಉತ್ತರಿಸುತ್ತಾರೆ. ಕೇಳಿದವರ ನೆನಪಿನಲ್ಲಿ ಒಮ್ಮೆ ಈ ಮ್ಯಾಕ್, ಒಮ್ಮೆ ಆ ಮ್ಯಾಕ್ ಉಳಿಯುತ್ತದೆ. ನೆಟ್ ಎರಡು ನಿಮಿಷ ಬಂದು ಒಂದು ನಿಮಿಷ ಹೋಗುವುದು, ಅರ್ಧ ಪುಟ ಮುದ್ರಣವಾಗಿ ನಿಲ್ಲುವುದು ಇದರಿಂದಲೇ. ವಿಂಡೋಸ್ ಇದನ್ನು ಗುರುತಿಸಿದರೆ ಐಪಿ ಕಾನ್‌ಫ್ಲಿಕ್ಟ್ ಎಂಬ ಎಚ್ಚರಿಕೆ ಕೊಡುತ್ತದೆ. ಕ್ಯಾಮೆರಾ, ಪ್ರಿಂಟರ್‌ಗಳಿಗೆ ಬಾಯಿಯಿಲ್ಲ, ಅವು ಸುಮ್ಮನೆ ಕೆಡುತ್ತವೆ.

ಕರೆಂಟ್ ಬಂದ ಮೇಲೆಯೇ ಏಕೆ

ಕೆಳಗೆ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ, ಮೇಲೆ ಮನೆ. ಕಲಬುರಗಿಯ ಜೇವರ್ಗಿ ರಸ್ತೆ, ಸೇಡಂ ರಸ್ತೆಯ ಬದಿಗಳಲ್ಲಿ ಇಂಥ ಕಟ್ಟಡಗಳು ಬೇಕಾದಷ್ಟಿವೆ. ಅಂಗಡಿಯ ಕಂಪ್ಯೂಟರ್‌ಗೂ ಅದರ ಪಕ್ಕದ ನೆಟ್‌ವರ್ಕ್ ಸ್ವಿಚ್‌ಗೂ (ಹಲವು ನೆಟ್ ತಂತಿಗಳನ್ನು ಕೂಡಿಸುವ ಪೆಟ್ಟಿಗೆ) ಯುಪಿಎಸ್ ಇದೆ. ರೂಟರ್ ಮಾತ್ರ ಮೇಲಿನ ಹಾಲ್‌ನಲ್ಲಿ, ಟಿವಿಯ ಹಿಂದಿನ ಪ್ಲಗ್‌ನಲ್ಲಿ. ಕರೆಂಟ್ ಹೋದಾಗ ರೂಟರ್ ನಿಂತುಹೋಗುತ್ತದೆ, ಕಂಪ್ಯೂಟರ್ ನಿಲ್ಲುವುದಿಲ್ಲ. ತಂತಿಯ ಆ ತುದಿಯ ಸ್ವಿಚ್ ಜೀವಂತ ಇರುವುದರಿಂದ ಕಂಪ್ಯೂಟರ್‌ಗೆ ಏನೂ ಆದಂತೆ ಅನಿಸುವುದೇ ಇಲ್ಲ. ಕರಾರು ಮುಗಿಯುವವರೆಗೆ 192.168.1.101 ತನ್ನದೇ ಎಂದು ಅದು ಇಟ್ಟುಕೊಂಡಿರುತ್ತದೆ.

ಹಲವು ಅಗ್ಗದ ರೂಟರ್‌ಗಳು ಯಾರಿಗೆ ಯಾವ ವಿಳಾಸ ಕೊಟ್ಟಿದ್ದೇವೆ ಎಂಬ ಪಟ್ಟಿಯನ್ನು ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ಇಡುತ್ತವೆ. ಕರೆಂಟ್ ಹೋದರೆ ಆ ಪಟ್ಟಿಯೂ ಹೋಯಿತು. ಮತ್ತೆ ಚಾಲೂ ಆದಾಗ ಎಲ್ಲ ಸಂಖ್ಯೆಗಳೂ ಖಾಲಿ ಎಂದೇ ಅದು ತಿಳಿಯುತ್ತದೆ. ಅಷ್ಟರಲ್ಲಿ ನೆಂಟರೊಬ್ಬರ ಹೊಸ ಮೊಬೈಲ್ ವಿಳಾಸ ಕೇಳಿದರೆ 192.168.1.101 ಅನ್ನೇ ಕೊಟ್ಟುಬಿಡಬಹುದು. ಒಳ್ಳೆಯ ರೂಟರ್‌ಗಳು ಕೊಡುವ ಮೊದಲು ಆ ವಿಳಾಸಕ್ಕೆ ಪಿಂಗ್ ಕಳಿಸಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತವೆ. ಆದರೆ ವಿಂಡೋಸ್‌ನ ಕಾವಲುಗಾರನಂತಿರುವ ಫೈರ್‌ವಾಲ್ ಹಲವು ಸಂದರ್ಭಗಳಲ್ಲಿ ಪಿಂಗ್‌ಗೆ ಉತ್ತರಿಸಲು ಬಿಡುವುದಿಲ್ಲ. ಉತ್ತರವಿಲ್ಲವೆಂದರೆ ಖಾಲಿ ಇದೆ ಎಂದು ರೂಟರ್ ಲೆಕ್ಕ ಹಾಕುತ್ತದೆ. ವಿಳಾಸ ಪಡೆದ ಸಾಧನವೂ ಬಳಸುವ ಮೊದಲು ತಾನೇ ಒಮ್ಮೆ ವಿಚಾರಿಸಿ ನೋಡಬೇಕೆಂಬ ನಿಯಮ 2008ರಲ್ಲಿ ಬಂದಿದೆ. ಎಲ್ಲ ಸಾಧನಗಳೂ ಅದನ್ನು ಪಾಲಿಸುವುದಿಲ್ಲ.

ಇದಕ್ಕೆ ಅತ್ಯಂತ ಸುಲಭದ ಪರಿಹಾರವೆಂದರೆ ರೂಟರ್‌ಗೂ ಬ್ಯಾಕಪ್ ಕೊಡುವುದು. ಇನ್ವರ್ಟರ್ ಲೈನ್‌ನ ಪ್ಲಗ್‌ಗೆ ಅದನ್ನು ಬದಲಾಯಿಸಿದರೂ ಸಾಕು. ರೂಟರ್‌ಗೆಂದೇ ಚಿಕ್ಕ ಯುಪಿಎಸ್‌ಗಳು ಸಿಗುತ್ತವೆ. ಕೊಳ್ಳುವಾಗ ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದೆಯೋ 9 ವೋಲ್ಟ್ ಎಂದಿದೆಯೋ, ಎಷ್ಟು ಆಂಪಿಯರ್ ಎಂದಿದೆ ಎಂದು ನೋಡಿಕೊಂಡೇ ತೆಗೆದುಕೊಳ್ಳಿ.

ಇನ್ನೊಂದು ಕಾರಣ ಕೈಯಾರೆ ಬರೆದಿಟ್ಟ ವಿಳಾಸಗಳು. ಪ್ರಿಂಟರ್ ಕೂರಿಸಲು ಬಂದ ಹುಡುಗ ಅದಕ್ಕೆ 192.168.1.100 ಎಂದು ಖಾಯಂ ವಿಳಾಸ ಬರೆದು ಹೋಗಿರುತ್ತಾನೆ. ಅವತ್ತಿಗೆ ಅದು ಕೆಲಸ ಮಾಡುತ್ತದೆ. ಆದರೆ ರೂಟರ್ 100ರಿಂದ 199ರವರೆಗೆ ಹಂಚುವಂತೆ ಇದ್ದರೆ ಆ ಸಂಖ್ಯೆ ಪ್ರಿಂಟರ್‌ನ ಬಳಿ ಇದೆ ಎಂದು ರೂಟರ್‌ಗೆ ಯಾರೂ ಹೇಳಿರುವುದಿಲ್ಲ. ಪ್ರಿಂಟರ್ ಬಂದ್ ಇದ್ದ ಭಾನುವಾರ ಅದೇ ವಿಳಾಸ ಟಿವಿಗೆ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆದಾಗ ಜಗಳ ಶುರು. ಸಿಸಿಟಿವಿ ಕ್ಯಾಮೆರಾಗಳದ್ದು ಇದಕ್ಕಿಂತ ಗಟ್ಟಿ ಕಥೆ. ಕೆಲವು ಕಂಪನಿಗಳವು ಕಾರ್ಖಾನೆಯಿಂದಲೇ 192.168.1.64 ಅಥವಾ 192.168.1.108ರಂತಹ ನಿಗದಿತ ವಿಳಾಸದೊಂದಿಗೆ ಬರುತ್ತವೆ. ಒಂದೇ ಕಂಪನಿಯ ಎರಡು ಕ್ಯಾಮೆರಾಗಳನ್ನು ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಜೋಡಿಸಿದರೆ ಮೊದಲ ಕ್ಷಣದಿಂದಲೇ ಘರ್ಷಣೆ. ಒಂದೊಂದನ್ನೇ ಜೋಡಿಸಿ, ವಿಳಾಸ ಬದಲಿಸಿ, ಆಮೇಲೆ ಮುಂದಿನದಕ್ಕೆ ಕೈಹಾಕಬೇಕು.

ಎರಡು ರೂಟರ್‌ಗಳ ಮನೆ

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕಾಣುವ ಕಾರಣ ಇದು. ಶಹಾಬಾದ್ ಕಲ್ಲಿನ ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ, ಬೀದರಿನ ಕಡೆಯ ಜಂಬಿಟ್ಟಿಗೆ ಗೋಡೆಗಳಲ್ಲಿ ವೈ-ಫೈ ಒಂದು ಕೋಣೆ ದಾಟುವಷ್ಟರಲ್ಲಿ ಸೊರಗುತ್ತದೆ. 5 ಗಿಗಾಹರ್ಟ್ಸ್‌ನ ವೇಗದ ಸಂಕೇತಕ್ಕಂತೂ ಕಲ್ಲು ದಾಟುವುದು 2.4 ಗಿಗಾಹರ್ಟ್ಸ್‌ಗಿಂತಲೂ ಕಷ್ಟ. ಒಳಮನೆಗೆ ಸಿಗ್ನಲ್ ಇಲ್ಲ ಎಂದು ಇನ್ನೊಂದು ರೂಟರ್ ತರುತ್ತಾರೆ. ತರಬೇಕಾದದ್ದೇ. ಆದರೆ ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಮೋಡೆಮ್ ಕೂಡ ಸ್ವತಃ ಒಂದು ರೂಟರ್ ಎನ್ನುವುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಅದು ವಿಳಾಸ ಹಂಚುತ್ತದೆ, ಹೊಸದೂ ಹಂಚುತ್ತದೆ. ಒಂದೇ ಹಾಸ್ಟೆಲ್‌ನಲ್ಲಿ ಇಬ್ಬರು ವಾರ್ಡನ್‌ಗಳು ಪರಸ್ಪರ ಕೇಳದೆ ತಮ್ಮ ತಮ್ಮ ಪಟ್ಟಿ ಹಿಡಿದು ಕೋಣೆ ಹಂಚಿದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ.

ತಂತಿಯನ್ನು ಹೊಸ ರೂಟರ್‌ನ ಯಾವ ತೂತಿಗೆ ಹಾಕಿದ್ದೀರಿ ಎಂಬುದರ ಮೇಲೆ ತೊಂದರೆಯ ರೂಪ ಬದಲಾಗುತ್ತದೆ. ಬೇರೆ ಬಣ್ಣದ, ‘ವ್ಯಾನ್’ ಅಥವಾ ‘ಇಂಟರ್ನೆಟ್’ ಎಂದು ಬರೆದ ತೂತಿಗೆ ಹಾಕಿದ್ದರೆ ಮನೆಯಲ್ಲಿ ಎರಡು ಜಾಲಗಳಾಗುತ್ತವೆ, ಒಂದರೊಳಗೆ ಇನ್ನೊಂದು. ಇಂಟರ್ನೆಟ್ ಎರಡರಲ್ಲೂ ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ವಿಚಿತ್ರವೆಂದರೆ ಒಳಗಿನ ಜಾಲದ ಲ್ಯಾಪ್‌ಟಾಪ್‌ನಿಂದ ಹೊರಗಿನ ಜಾಲದ ಪ್ರಿಂಟರ್‌ಗೆ ವಿಳಾಸ ಹಾಕಿ ಮುದ್ರಿಸಬಹುದು. ಹೊರಗಿನ ಕಂಪ್ಯೂಟರ್‌ನಿಂದ ಒಳಗಿನ ಲ್ಯಾಪ್‌ಟಾಪ್‌ನ ಫೋಲ್ಡರ್ ಮಾತ್ರ ಏನು ಮಾಡಿದರೂ ತೆರೆಯುವುದಿಲ್ಲ. ‘ಮೇಲಿನಿಂದ ಕೆಳಕ್ಕೆ ಹೋಗುತ್ತದೆ, ಕೆಳಗಿನಿಂದ ಮೇಲಕ್ಕೆ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಹುಡುಕುವುದು ಎರಡನೆಯ ರೂಟರ್ ಅನ್ನು. ಇದರ ಜೊತೆಗೆ ಎರಡೂ ರೂಟರ್‌ಗಳು 192.168.1 ಸರಣಿಯನ್ನೇ ಬಳಸಿದರೆ, ಯಾವ ವಿಳಾಸ ಒಳಗಿನದು, ಯಾವುದು ಹೊರಗಿನದು ಎಂದು ಎರಡನೆಯದಕ್ಕೆ ತಿಳಿಯುವುದಿಲ್ಲ. ಕೆಲವು ಮಾದರಿಗಳು ತಮ್ಮ ಸರಣಿಯನ್ನು ತಾವೇ ಬದಲಿಸಿಕೊಳ್ಳುತ್ತವೆ, ಉಳಿದವುಗಳಲ್ಲಿ ನೆಟ್ಟೇ ಬರುವುದಿಲ್ಲ.

‘ಲ್ಯಾನ್’ ತೂತಿಗೆ ಹಾಕಿದ್ದರೆ ಜಾಲ ಒಂದೇ, ಆದರೆ ಹಂಚುವವರು ಇಬ್ಬರು. ಮೊಬೈಲ್ ವಿಳಾಸ ಕೇಳಿದಾಗ ಯಾರು ಮೊದಲು ಉತ್ತರಿಸುತ್ತಾರೋ ಅವರದೇ ಸಿಗುತ್ತದೆ. ಅದಕ್ಕಾಗಿಯೇ ಇವತ್ತು ಕೆಟ್ಟ ಸಾಧನ ನಾಳೆ ಸರಿಯಾಗಿ, ಸರಿಯಿದ್ದದ್ದು ಕೆಡುತ್ತದೆ. ಎರಡೂ ರೂಟರ್‌ಗಳ ಸ್ವಂತ ವಿಳಾಸ 192.168.1.1 ಆಗಿದ್ದರಂತೂ ಹೊರಗೆ ಹೋಗುವ ದಾರಿಯೇ ಎರಡಾಗಿ, ಮನೆಯ ಎಲ್ಲ ಸಾಧನಗಳೂ ಒಟ್ಟಿಗೆ ಒದ್ದಾಡುತ್ತವೆ.

ಪತ್ತೆ ಹಚ್ಚುವುದು

ರೂಟರ್ ಆಫ್ ಮಾಡಿ ಆನ್ ಮಾಡುವ ಮೊದಲು ಒಂದು ನಿಮಿಷ ತಡೆಯಿರಿ. ಹಾಗೆ ಮಾಡಿದರೆ ಕುರುಹು ಅಳಿಸಿಹೋಗುತ್ತದೆ. ತೊಂದರೆ ಇರುವ ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂಬ ಆಜ್ಞೆ ಕೊಡಿ. ಅದು ತೋರಿಸುವ ಸಾಲುಗಳಲ್ಲಿ ಐಪಿ ವಿಳಾಸವನ್ನೂ ಗೇಟ್‌ವೇ (ಹೊರಗೆ ಹೋಗುವ ದಾರಿಯಾದ ರೂಟರ್‌ನ) ವಿಳಾಸವನ್ನೂ ಬರೆದುಕೊಳ್ಳಿ. ಸರಿಯಾಗಿ ಕೆಲಸ ಮಾಡುತ್ತಿರುವ ಇನ್ನೊಂದು ಸಾಧನದಲ್ಲೂ ಅವೆರಡನ್ನೇ ನೋಡಿ. ಮೊಬೈಲ್‌ನಲ್ಲಾದರೆ ವೈ-ಫೈ ಹೆಸರಿನ ಮೇಲೆ ಒತ್ತಿದಾಗ ವಿವರಗಳಲ್ಲಿ ಸಿಗುತ್ತದೆ. ಎರಡರ ಗೇಟ್‌ವೇ ಬೇರೆ ಬೇರೆ ಇದ್ದರೆ ಮನೆಯಲ್ಲಿ ಇಬ್ಬರು ಹಂಚುತ್ತಿದ್ದಾರೆ ಎಂದು ಖಚಿತ. ವಿಳಾಸ 169.254ರಿಂದ ಶುರುವಾಗಿದ್ದರೆ ಅದು ಘರ್ಷಣೆಯಲ್ಲ. ಕೇಳಿದ್ದಕ್ಕೆ ಯಾರೂ ವಿಳಾಸ ಕೊಡದಿದ್ದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ಸಂಖ್ಯೆ ಅದು. ರೂಟರ್‌ವರೆಗೆ ಸಂಪರ್ಕವೇ ಇಲ್ಲ, ಅಥವಾ ಹಂಚಲು ಇಟ್ಟ ಸಂಖ್ಯೆಗಳು ಮುಗಿದಿವೆ ಎಂದು ಅರ್ಥ.

ಗೇಟ್‌ವೇ ಒಂದೇ ಇದ್ದೂ ಘರ್ಷಣೆಯ ಎಚ್ಚರಿಕೆ ಬರುತ್ತಿದ್ದರೆ ಆ ಇನ್ನೊಬ್ಬ ಯಾರು ಎಂದು ಹುಡುಕಬೇಕು. ವಿವಾದದ ವಿಳಾಸ 192.168.1.108 ಎಂದಿಟ್ಟುಕೊಳ್ಳಿ. ಎಚ್ಚರಿಕೆ ಬಂದ ಕಂಪ್ಯೂಟರ್‌ನ ವೈ-ಫೈ ಆಫ್ ಮಾಡಿ, ತಂತಿಯಿದ್ದರೆ ಕಿತ್ತುಬಿಡಿ. ಈಗ ಮನೆಯ ಬೇರೊಂದು ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ping ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ ಹಾಕಿ ಪಿಂಗ್ ಮಾಡಿ. ಉತ್ತರ ಬಂದರೆ ಅದು ಎರಡನೆಯವನದು. ಬಾರದಿದ್ದರೂ ಕೈಬಿಡಬೇಡಿ. ಪಿಂಗ್ ಅನ್ನು ಫೈರ್‌ವಾಲ್ ತಡೆಯಬಹುದು, ಎಆರ್‌ಪಿ ಪ್ರಶ್ನೆಗೆ ಮಾತ್ರ ಉತ್ತರ ಹೋಗಿಯೇ ಇರುತ್ತದೆ. ಪಿಂಗ್ ಮುಗಿದ ಕೂಡಲೇ ಎಆರ್‌ಪಿ ಎಂದು ಟೈಪಿಸಿ, ಜಾಗ ಬಿಟ್ಟು, ಅಡ್ಡಗೆರೆ ಹಾಕಿ ‘ಎ’ ಅಕ್ಷರ ಒತ್ತಿ (arp -a) ಎಂಟರ್ ಮಾಡಿ. ಬರುವ ಪಟ್ಟಿಯಲ್ಲಿ 192.168.1.108ರ ಎದುರಿಗೆ ಮ್ಯಾಕ್ ವಿಳಾಸ ಇದ್ದರೆ ಯಾರೋ ಅಲ್ಲಿದ್ದಾರೆ. ಅದರ ಮೊದಲ ಮೂರು ಜೋಡಿಗಳು ತಯಾರಕ ಕಂಪನಿಯ ಗುರುತು. ಅವನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ ಪ್ರಿಂಟರ್ ಕಂಪನಿಯೋ ಕ್ಯಾಮೆರಾ ಕಂಪನಿಯೋ ತಿಳಿಯುತ್ತದೆ. ಪ್ರಿಂಟರ್‌ನ ಹಿಂದೆ, ಕ್ಯಾಮೆರಾದ ಡಿವಿಆರ್‌ನ (ದೃಶ್ಯ ಮುದ್ರಿಸಿಡುವ ಪೆಟ್ಟಿಗೆಯ) ತಳದಲ್ಲಿ ಅಂಟಿಸಿದ ಚೀಟಿಯ ಮೇಲೆಯೂ ಅದೇ ಮ್ಯಾಕ್ ಮುದ್ರಿತವಾಗಿರುತ್ತದೆ. ಹೊಂದಿಸಿ ನೋಡುವುದಷ್ಟೇ ಬಾಕಿ.

ಎಚ್ಚರಿಕೆ ಬಂದು ಹೋದದ್ದು ನಿನ್ನೆಯಾಗಿದ್ದರೆ? ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಸಿಸ್ಟಮ್’ ದಾಖಲೆ ತೆರೆದು 4199 ಎಂಬ ಸಂಖ್ಯೆಯನ್ನು ಹುಡುಕಿ. ವಿಳಾಸ ಘರ್ಷಣೆಯ ದಾಖಲೆ ಅದು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ವಿಳಾಸಕ್ಕಾಗಿ ಎನ್ನುವುದರ ಜೊತೆಗೆ ಎದುರಾಳಿಯ ಮ್ಯಾಕ್ ಅನ್ನೂ ಅದು ಬರೆದಿಟ್ಟಿರುತ್ತದೆ. ಇಷ್ಟು ಉಪಯುಕ್ತವಾದ ಸಾಲನ್ನು ತೆರೆದು ನೋಡದೆ ವಿಂಡೋಸ್ ಅನ್ನೇ ಅಳಿಸಿ ಮರುಸ್ಥಾಪಿಸುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸರಿಪಡಿಸುವುದು

ಎರಡನೆಯ ರೂಟರ್‌ನ ಕೈಯಿಂದ ವಿಳಾಸ ಹಂಚುವ ಕೆಲಸ ತೆಗೆದುಬಿಡಿ. ಅದರ ಸೆಟ್ಟಿಂಗ್‌ನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿದರಾಯಿತು. ಇಲ್ಲದಿದ್ದರೆ ಅದನ್ನು ಮನೆಯ ಜಾಲದಿಂದ ಬಿಡಿಸಿ, ಒಂದು ಲ್ಯಾಪ್‌ಟಾಪ್ ಅನ್ನು ಮಾತ್ರ ತಂತಿಯಲ್ಲಿ ಜೋಡಿಸಿ ಬ್ರೌಸರ್‌ನಲ್ಲಿ ಆ ರೂಟರ್‌ನ ಸೆಟ್ಟಿಂಗ್ ಪುಟ ತೆರೆಯಿರಿ. ಅದರ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಆಮೇಲೆ ಮೋಡೆಮ್‌ನ ಲ್ಯಾನ್ ತೂತಿನಿಂದ ಇದರ ಲ್ಯಾನ್ ತೂತಿಗೆ ತಂತಿ ಹಾಕಿ. ವ್ಯಾನ್ ತೂತು ಖಾಲಿ ಇರಲಿ. ಇಲ್ಲಿ ಮೋಡೆಮ್ 192.168.1.1ರಲ್ಲಿದೆ ಎಂದು ಹಿಡಿದಿದ್ದೇನೆ. ನಿಮ್ಮದು 192.168.0.1 ಅಥವಾ ಬೇರೆ ಆಗಿದ್ದರೆ ಆ ಸರಣಿಯದೇ ಸಂಖ್ಯೆ ಕೊಡಬೇಕು. ಮನೆಯ ಸಾಧನಗಳನ್ನೆಲ್ಲ ಒಮ್ಮೆ ವೈ-ಫೈನಿಂದ ಬಿಡಿಸಿ ಮತ್ತೆ ಸೇರಿಸಿದರೆ ಎಲ್ಲವೂ ಒಂದೇ ಕಡೆಯಿಂದ ಹೊಸ ವಿಳಾಸ ಪಡೆಯುತ್ತವೆ.

ಖಾಯಂ ವಿಳಾಸ ಬೇಕಾದ ಸಾಧನಗಳಿಗೆ ಅದನ್ನು ಆಯಾ ಸಾಧನದ ಒಳಗೆ ಬರೆಯುವುದಕ್ಕಿಂತ ರೂಟರ್‌ನಲ್ಲೇ ಕಾಯ್ದಿರಿಸುವುದು ಒಳ್ಳೆಯದು. ‘ಅಡ್ರೆಸ್ ರಿಸರ್ವೇಶನ್’, ‘ಸ್ಟ್ಯಾಟಿಕ್ ಲೀಸ್’, ‘ಐಪಿ-ಮ್ಯಾಕ್ ಬೈಂಡಿಂಗ್’ ಎಂದು ಕಂಪನಿಗೊಂದು ಹೆಸರಿದೆ, ಕೆಲಸ ಮಾತ್ರ ಒಂದೇ: ಈ ಮ್ಯಾಕ್ ಬಂದರೆ ಈ ವಿಳಾಸವನ್ನೇ ಕೊಡು ಎಂದು ರೂಟರ್‌ಗೆ ಹೇಳಿಡುವುದು. ಆಗ ಹಂಚುವವರೂ ಲೆಕ್ಕ ಇಡುವವರೂ ಒಬ್ಬರೇ ಆಗುತ್ತಾರೆ. ಈ ಸಂಗತಿ ತಾತ್ಕಾಲಿಕ ಸ್ಮೃತಿಯಲ್ಲಲ್ಲ, ಸೆಟ್ಟಿಂಗ್‌ನಲ್ಲಿ ಉಳಿಯುವುದರಿಂದ ಕರೆಂಟ್ ಹೋದರೂ ಅಳಿಯುವುದಿಲ್ಲ. ಕೆಲವು ಹಳೆಯ ಡಿವಿಆರ್‌ಗಳಲ್ಲಿ ವಿಳಾಸವನ್ನು ಒಳಗೇ ಬರೆಯಬೇಕಾಗುತ್ತದೆ. ಅಂಥವಕ್ಕೆ ರೂಟರ್ ಹಂಚುವ ವ್ಯಾಪ್ತಿಯ ಹೊರಗಿನ ಸಂಖ್ಯೆ ಕೊಡಿ. ರೂಟರ್ 100ರಿಂದ 199ರವರೆಗೆ ಹಂಚಲಿ, ಕೈಯಾರೆ ಬರೆಯುವವು 10ರಿಂದ 50ರೊಳಗೆ ಇರಲಿ.

ಕಾಯ್ದಿರಿಸುವಾಗ ಎರಡು ಸಂಗತಿ ಗಮನದಲ್ಲಿರಲಿ. ಲ್ಯಾಪ್‌ಟಾಪ್‌ನ ವೈ-ಫೈಗೆ ಒಂದು ಮ್ಯಾಕ್, ತಂತಿಯ ತೂತಿಗೆ ಇನ್ನೊಂದು ಮ್ಯಾಕ್. ಒಂದಕ್ಕೆ ಕಾಯ್ದಿರಿಸಿ ಇನ್ನೊಂದರಲ್ಲಿ ಜೋಡಿಸಿದರೆ ವಿಳಾಸ ಬೇರೆಯೇ ಬರುತ್ತದೆ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಈಚೆಗೆ ಮೊಬೈಲ್‌ಗಳು ನಿಜವಾದ ಮ್ಯಾಕ್ ಬದಲು ಪ್ರತಿ ವೈ-ಫೈಗೂ ಒಂದೊಂದು ಕೃತಕ ಮ್ಯಾಕ್ ತೋರಿಸುತ್ತವೆ. ಮ್ಯಾಕ್‌ನ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಅಂಥದ್ದು, ಕಂಪನಿಯ ಹೆಸರು ಹುಡುಕಿ ಪ್ರಯೋಜನವಿಲ್ಲ.

ಫೋಲ್ಡರ್ ಏಕೆ ತೆರೆಯುವುದಿಲ್ಲ

ಈಗ ಫೈಲ್ ಹಂಚಿಕೆಗೆ ಬರೋಣ. ಮೊದಲ ಪ್ರಶ್ನೆ, ಎರಡೂ ಕಂಪ್ಯೂಟರ್‌ಗಳು ಒಂದೇ ಜಾಲದಲ್ಲಿವೆಯೇ? ವಿಳಾಸದ ಮೊದಲ ಮೂರು ಭಾಗಗಳೂ ಗೇಟ್‌ವೇಯೂ ಒಂದೇ ಇದ್ದರೆ ಸಾಮಾನ್ಯವಾಗಿ ಹೌದು. ಒಂದು ‘ಗೆಸ್ಟ್’ ವೈ-ಫೈನಲ್ಲಿದ್ದರೆ ಅಲ್ಲಿಗೇ ಮುಗಿಯಿತು. ಗೆಸ್ಟ್ ಜಾಲ ಇರುವುದೇ ಸಾಧನಗಳು ಪರಸ್ಪರ ಕಾಣದಂತೆ ತಡೆಯಲು.

ಎರಡನೆಯದು, ವಿಂಡೋಸ್ ಈ ಜಾಲವನ್ನು ‘ಪಬ್ಲಿಕ್’ ಎಂದುಕೊಂಡಿದೆಯೋ ‘ಪ್ರೈವೇಟ್’ ಎಂದುಕೊಂಡಿದೆಯೋ ನೋಡಿ. ಹೊಸ ವೈ-ಫೈಗೆ ಸೇರಿದಾಗ ಅದು ಪಬ್ಲಿಕ್ ಎಂದೇ ಹಿಡಿಯುತ್ತದೆ, ರೈಲ್ವೆ ಸ್ಟೇಷನ್‌ನ ವೈ-ಫೈ ಎಂಬಂತೆ ಎಲ್ಲ ಬಾಗಿಲುಗಳನ್ನೂ ಮುಚ್ಚುತ್ತದೆ. ರೂಟರ್ ಬದಲಿಸಿದ ದಿನವೇ ಹಂಚಿಕೆ ನಿಂತಿತು ಎಂದರೆ ಕಾರಣ ಬಹುತೇಕ ಇದೇ. ಮನೆಯ ಜಾಲವನ್ನು ಪ್ರೈವೇಟ್ ಮಾಡಿ, ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಹಂಚಿಕೆ ಎರಡನ್ನೂ ಆನ್ ಮಾಡಿ.

ಇಷ್ಟಾದ ಮೇಲೂ ಜನ ಸಿಕ್ಕಿಹಾಕಿಕೊಳ್ಳುವುದು ಪಾಸ್‌ವರ್ಡ್‌ನಲ್ಲಿ. ಇನ್ನೊಂದು ಕಂಪ್ಯೂಟರ್‌ನ ಫೋಲ್ಡರ್ ತೆರೆಯಲು ಹೋದರೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪ್ರತಿದಿನ ಕಂಪ್ಯೂಟರ್ ತೆರೆಯಲು ಹಾಕುವ ನಾಲ್ಕು ಅಂಕಿಯ ಪಿನ್ ಹಾಕುತ್ತಾರೆ. ಅದು ಸೇರುವುದಿಲ್ಲ. ಪಿನ್ ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ, ಜಾಲದ ಮೂಲಕ ಬರುವವರಿಗೆ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಸೇರಿದ್ದರೆ ಹೆಸರಿನ ಜಾಗದಲ್ಲಿ ಆ ಇಮೇಲ್ ವಿಳಾಸ, ಪಾಸ್‌ವರ್ಡ್ ಜಾಗದಲ್ಲಿ ಆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇಲ್ಲದೆಯೇ ತೆರೆದುಕೊಳ್ಳುವ ಕಂಪ್ಯೂಟರ್ ಆದರೆ ಜಾಲದಿಂದ ಬರುವವರನ್ನು ವಿಂಡೋಸ್ ಒಳಗೇ ಬಿಡುವುದಿಲ್ಲ. ನಾನು ಯಾವಾಗಲೂ ಹೇಳುವ ದಾರಿ ಇದು: ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ ಹಂಚಿಕೆಗೆಂದೇ ಒಂದು ಸಾದಾ ಸ್ಥಳೀಯ ಖಾತೆ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಟ್ಟು, ಆ ಫೋಲ್ಡರ್‌ಗೆ ಆ ಖಾತೆಯನ್ನು ಸೇರಿಸಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ಮೊದಲ ಕಂಪ್ಯೂಟರ್‌ನ ಹೆಸರು, ಬ್ಯಾಕ್‌ಸ್ಲ್ಯಾಶ್, ಖಾತೆಯ ಹೆಸರು ಎಂದು ಬರೆದು ಒಳಗೆ ಹೋಗಬಹುದು. ಹಿಂದೆ ಹಾಕಿದ ತಪ್ಪು ಪಾಸ್‌ವರ್ಡ್, ವಿಂಡೋಸ್ ಪಾಸ್‌ವರ್ಡ್‌ಗಳನ್ನು ಕೂಡಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಉಳಿದಿದ್ದರೆ ಅದನ್ನು ಮೊದಲು ಅಳಿಸಿ.

‘ಪಾಸ್‌ವರ್ಡ್ ರಕ್ಷಣೆಯನ್ನೇ ಆಫ್ ಮಾಡಿ, ಎವೆರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟುಬಿಡಿ’ ಎಂಬ ಸಲಹೆ ಯಾರ ಬಾಯಲ್ಲೂ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆನ್‌ಲೈನ್ ಅರ್ಜಿ ತುಂಬುವ ನಮ್ಮ ಊರಿನ ಅಂಗಡಿಗಳ ಆ ಫೋಲ್ಡರ್‌ಗಳಲ್ಲಿ ಏನಿರುತ್ತದೆ ಎಂದು ಯೋಚಿಸಿ: ನೂರಾರು ಜನರ ಆಧಾರ್, ಪಹಣಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371ಜೆ ಪ್ರಮಾಣಪತ್ರಗಳ ಪ್ರತಿಗಳು. ಅದೇ ಅಂಗಡಿಯಲ್ಲಿ ಕಾಯುತ್ತ ಕೂತ ಗಿರಾಕಿ ‘ಅಣ್ಣಾ, ವೈ-ಫೈ ಪಾಸ್‌ವರ್ಡ್ ಹೇಳುತ್ತೀರಾ’ ಎಂದು ಕೇಳಿದರೆ ಕೊಟ್ಟುಬಿಡುತ್ತಾರೆ. ಆ ಕ್ಷಣದಿಂದ ಅಷ್ಟೂ ದಾಖಲೆಗಳು ಅವನ ಮೊಬೈಲ್‌ನ ಫೈಲ್ ಮ್ಯಾನೇಜರ್‌ಗೆ ತೆರೆದಿಟ್ಟಂತೆ. ಗಿರಾಕಿಗಳಿಗೆ ಗೆಸ್ಟ್ ವೈ-ಫೈ ಕೊಡಿ, ಫೋಲ್ಡರ್‌ಗೆ ಪಾಸ್‌ವರ್ಡ್ ಇಡಿ. ಇದು ನಿಮ್ಮನ್ನು ನಂಬಿ ಕಾಗದ ಕೊಟ್ಟವರ ವಿಷಯ.

ಅನುಮತಿಗಳಲ್ಲಿ ಎರಡು ಪದರಗಳಿವೆ. ಹಂಚಿಕೆಯ ಅನುಮತಿ ಒಂದು, ಡಿಸ್ಕ್ ಮೇಲಿನ ಫೈಲ್‌ನ ಅನುಮತಿ ಇನ್ನೊಂದು. ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಫೋಲ್ಡರ್ ತೆರೆದು, ಒಳಗಿನ ಒಂದೆರಡು ಫೈಲ್ ಮಾತ್ರ ತೆರೆಯದಿದ್ದರೆ ಫೈಲ್‌ನ ‘ಸೆಕ್ಯೂರಿಟಿ’ ಪುಟ ನೋಡಿ.

ಇನ್ನು ವಿಳಾಸಕ್ಕೂ ಹಂಚಿಕೆಗೂ ಇರುವ ನೇರ ನಂಟು. ನೆಟ್‌ವರ್ಕ್ ಕಿಟಕಿಯಲ್ಲಿ ಕಂಪ್ಯೂಟರ್‌ನ ಹೆಸರು ಕಾಣದಿದ್ದರೆ ಫೋಲ್ಡರ್ ಇಲ್ಲ ಎಂದಲ್ಲ. ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಅದರ ಐಪಿ ವಿಳಾಸ ಬರೆದರೆ ಎಷ್ಟೋ ಸಲ ಕೂಡಲೇ ತೆರೆಯುತ್ತದೆ. ಹೆಸರು ಹುಡುಕುವ ಸೇವೆ ಮಾತ್ರ ಕೆಟ್ಟಿರುತ್ತದೆ. ಹಾಗಾಗಿ ಅಂಗಡಿಗಳಲ್ಲಿ ವಿಳಾಸದ ಮೂಲಕವೇ ಶಾರ್ಟ್‌ಕಟ್ ಮಾಡಿಡುತ್ತಾರೆ, ಪ್ರಿಂಟರ್ ಅನ್ನೂ ವಿಳಾಸದಿಂದಲೇ ಜೋಡಿಸಿರುತ್ತಾರೆ. ಅದು ಒಳ್ಳೆಯ ಪದ್ಧತಿ, ವಿಳಾಸ ಬದಲಾಗದಿದ್ದರೆ. ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರ್‌ಗೆ 105ರ ಬದಲು 112 ಸಿಕ್ಕಿದರೆ, ಕಂಪ್ಯೂಟರ್ ಇನ್ನೂ 105ಕ್ಕೇ ಪುಟ ಕಳಿಸುತ್ತಿರುತ್ತದೆ. ಪ್ರಿಂಟರ್ ಕೆಟ್ಟಿಲ್ಲ, ಡ್ರೈವರ್ ಹೋಗಿಲ್ಲ. ವಿಳಾಸವನ್ನು ರೂಟರ್‌ನಲ್ಲಿ ಕಾಯ್ದಿರಿಸಿದ ಮನೆಗಳಲ್ಲಿ ಈ ತಾಪತ್ರಯ ಬರುವುದೇ ಇಲ್ಲ.

ಹಳೆಯ ಸಾಧನಗಳ ಬಗ್ಗೆ ಒಂದು ಮಾತು. ವಿಂಡೋಸ್ ಫೈಲ್ ಹಂಚಿಕೆಯ ಭಾಷೆಗೆ ಎಸ್‌ಎಂಬಿ ಎನ್ನುತ್ತಾರೆ. ಅದರ ಮೊದಲ ಆವೃತ್ತಿಯ ದೋಷವನ್ನೇ ಬಳಸಿಕೊಂಡು 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಒತ್ತೆಹಣದ ವೈರಸ್ ಜಗತ್ತಿನಾದ್ಯಂತ ಹರಡಿತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಅಕ್ಟೋಬರ್‌ನಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಆ ಮೊದಲ ಆವೃತ್ತಿ ಇರುವುದಿಲ್ಲ. ಹಳೆಯ ರೂಟರ್‌ನ ಯುಎಸ್‌ಬಿ ತೂತಿಗೆ ಹಾಕಿದ ಹಾರ್ಡ್‌ಡಿಸ್ಕ್ ಹೊಸ ಕಂಪ್ಯೂಟರ್‌ನಲ್ಲಿ ತೆರೆಯದಿರುವುದು, ವಿಂಡೋಸ್ ಎಕ್ಸ್‌ಪಿ ಯಂತ್ರ ಕಾಣದಿರುವುದು ಇದರಿಂದ. ವಿಂಡೋಸ್ 7ಕ್ಕೆ ಎರಡನೆಯ ಆವೃತ್ತಿ ಬರುತ್ತದೆ, ಆದ್ದರಿಂದ ಅದು ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಭದ್ರತಾ ತಿದ್ದುಪಡಿಗಳು 2020ರ ಜನವರಿಗೇ ನಿಂತಿವೆ. ಹಳೆಯದೊಂದು ಸಾಧನಕ್ಕಾಗಿ ಹೊಸ ಕಂಪ್ಯೂಟರ್‌ಗಳಲ್ಲಿ ಮೊದಲ ಆವೃತ್ತಿಯನ್ನು ಮತ್ತೆ ಆನ್ ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಆ ಡಿಸ್ಕ್ ಅನ್ನು ರೂಟರ್‌ನಿಂದ ಕಿತ್ತು ಸದಾ ಚಾಲೂ ಇರುವ ಒಂದು ಕಂಪ್ಯೂಟರ್‌ಗೆ ಜೋಡಿಸಿ ಅಲ್ಲಿಂದ ಹಂಚಿದರೆ ಕೆಲಸವೂ ಆಗುತ್ತದೆ, ಅಪಾಯವೂ ಇಲ್ಲ.

ಅಂಗಡಿಯ ಫೋಲ್ಡರ್ ಅನ್ನು ಊರಿನಿಂದಾಚೆ ಕೂತು ತೆರೆಯಬೇಕೆಂದು ಕೆಲವರು ರೂಟರ್‌ನಲ್ಲಿ ಪೋರ್ಟ್ 445 ಅನ್ನು ಹೊರಜಗತ್ತಿಗೆ ತೆರೆಯಲು ಕೇಳುತ್ತಾರೆ. ಅದು ಎಸ್‌ಎಂಬಿಯ ಬಾಗಿಲು. ಅದನ್ನು ಇಂಟರ್ನೆಟ್‌ಗೆ ಎಂದೂ ತೆರೆಯಬಾರದು. ದೂರದಿಂದ ಬೇಕಾಗುವ ಫೈಲ್‌ಗಳನ್ನಷ್ಟೇ ಕ್ಲೌಡ್ ಡ್ರೈವ್‌ಗೆ ಹಾಕಿ, ಅಥವಾ ರೂಟರ್‌ನಲ್ಲಿ ವಿಪಿಎನ್ (ಇಂಟರ್ನೆಟ್ ಮೂಲಕ ಮನೆಯ ಜಾಲಕ್ಕೆ ಬರುವ ಸುರಕ್ಷಿತ ದಾರಿ) ಸೌಲಭ್ಯ ಇದ್ದರೆ ಅದರ ಮೂಲಕ ಮನೆಯ ಜಾಲದೊಳಗೆ ಬಂದು ಫೋಲ್ಡರ್ ತೆರೆಯಿರಿ. ಆಗಲೂ ನೀವು ಬರೆಯುವುದು ರೂಟರ್‌ನಲ್ಲಿ ಕಾಯ್ದಿರಿಸಿದ ಅದೇ ಐಪಿ ವಿಳಾಸವನ್ನೇ.